ನೀಲಗಂಗವ್ವನ ಎರಡನೆಯ ಎಳೆಗಾಲ

ನೀಲಗಂಗವ್ವ ಬೋರಲು ಬಿದ್ದ ದಿನ ಸೊಸೆ ಸುವರ್ಣಾ ಕಡುಬು ಮಾಡಿದಳು.

ಬೋರಲು ಬಿದ್ದಳು ಎಂದರೆ ಎಡವಿ ಬಿದ್ದಳು ಅಂತಲ್ಲ. ಚಾಪೆಯ ಮೇಲೆ ಅಂಗಾತ ಮಲಗಿದ್ದವಳು, ಯಾರೂ ಕೈ ಹಚ್ಚದೆ, ಮೊದಲು ತಲೆ ತಿರುವಿ, ಆಮೇಲೆ ಹೆಗಲು ಎತ್ತಿ, ಕೊನೆಗೆ ಸೊಂಟವನ್ನು ಎಳೆದುಕೊಂಡು ಹೊಟ್ಟೆಯ ಮೇಲೆ ಮಗುಚಿಕೊಂಡಳು. ಕೂಸು ಹೀಗೆ ಮೊದಲ ಸಲ ಮಗುಚಿದರೆ ಕಡುಬು ಮಾಡಿ ಓಣಿಗೆಲ್ಲ ಹಂಚುವುದು ಆ ಮನೆಯ ಪದ್ಧತಿ. ಈ ಕೂಸಿಗೆ ಅರವತ್ತು ದಾಟಿತ್ತು, ಅಷ್ಟೇ ವ್ಯತ್ಯಾಸ.

"ದಾಕ್ಷಿ, ಲಗೂನ ಬಾರವಾ! ಅತ್ತಿಯಾರು ಬ್ವಾರಲ ಬಿದ್ದಾರ!" ಎಂದು ಸುವರ್ಣಾ ಕೂಗಿದ್ದು ಮನೆಯ ಮುಂಭಾಗದ ಖಾನಾವಳಿಯಲ್ಲಿ ಉಣ್ಣುತ್ತಿದ್ದವರಿಗೂ ಕೇಳಿಸಿತು. ಇಬ್ಬರು ಗಾಬರಿಯಾಗಿ ಎಂಜಲು ಕೈಯಲ್ಲೇ ಓಡಿಬಂದರು. ಖಾನಾವಳಿಯ ಯಜಮಾನತಿ ಚಾಪೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕತ್ತೆತ್ತಿ, ಹಲ್ಲು ಬಿಟ್ಟು ನಗುತ್ತಿದ್ದುದನ್ನು ಕಂಡು ಹಾಗೇ ತಿರುಗಿ ಹೋದರು.

ಮಗಳು ದಾಕ್ಷಾಯಣಿ ಓಡಿಬಂದಳು, ನೋಡಿದಳು, ಚಪ್ಪಾಳೆ ತಟ್ಟಿದಳು. ಮರುಕ್ಷಣವೇ ಅವಳ ಮನಸ್ಸು ಮುಂದಕ್ಕೆ ಹಾರಿತು. ಬೋರಲು ಆಯಿತು, ಇನ್ನು ಕೂರಬೇಕು, ತೆವಳಬೇಕು, ಅಂಬೆಗಾಲಿಡಬೇಕು, ನಿಲ್ಲಬೇಕು. ಇಷ್ಟೆಲ್ಲ ಆದ ಮೇಲೆ ತಾನೇ ಕೈ? ಕೈ ಬರುವವರೆಗೆ ಕಾಲ ಉಳಿದೀತೇ?

"ಹಿಂಗ ನಿಂತ ನೋಡ್ತಿ ಏನ? ಕೂಸು ಬ್ವಾರಲ ಬಿದ್ರ ತಾಯಿ ಆದಾಕಿ ದೃಷ್ಟಿ ತಗೀಬೇಕು," ಎಂದು ಸುವರ್ಣಾ ಛೇಡಿಸಿದಳು.

"ವೈನಿ, ಇಲ್ಲೆ ತಾಯಿ ಯಾರು, ಕೂಸು ಯಾರು?"

"ಕಡಬಿಗೆ ಬೆಲ್ಲ ಜಾಸ್ತಿ ಹಾಕ್ರಿ," ಎಂದಿತು ಚಾಪೆಯ ಮೇಲಿನ ಕೂಸು.

ದಾಕ್ಷಾಯಣಿ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಆಕ್ಯುಪೇಶನಲ್ ಥೆರಪಿ ಓದುತ್ತಿದ್ದಳು. ಪೆಟ್ಟು ತಿಂದವರಿಗೆ, ರೋಗದಿಂದ ಎದ್ದವರಿಗೆ, ತಡವಾಗಿ ಬೆಳೆಯುವ ಮಕ್ಕಳಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕೈಗೂಡಿಸಿಕೊಡುವ ವಿದ್ಯೆ ಅದು. ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯ ಯಾವ ವಯಸ್ಸಿನಲ್ಲಿ ಏನು ಕಲಿಯುತ್ತಾನೆ ಎನ್ನುವುದು ಅವಳಿಗೆ ಬಾಯಿಪಾಠ. ಈ ಬಾಯಿಪಾಠವೇ ಅವಳಿಗೆ ಮುಳುವಾಗಿತ್ತು. ಒಂದು ಹಂತ ಕಣ್ಣೆದುರು ನಡೆಯುತ್ತಿರುವಾಗ ಅವಳು ಮುಂದಿನದನ್ನು ಎಣಿಸುತ್ತಿದ್ದಳು. ತಿಂಗಳುಗಳಿಂದ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಕಾಲೇಜಿಗೂ ಓಡಾಡುತ್ತಿದ್ದಳು.

ನೀಲಗಂಗವ್ವನಿಗೆ ಲಕ್ವಾ ಹೊಡೆದದ್ದು ಹಂಚಿನ ಮುಂದೆಯೇ. ಜೋಳದ ರೊಟ್ಟಿ ಬಡಿಯುತ್ತ ಕುಳಿತವಳ ಬಲಗೈ ಹಿಟ್ಟಿನ ಮೇಲೆ ಬಿದ್ದದ್ದು ಮತ್ತೆ ಏಳಲಿಲ್ಲ. ಬಲಗಾಲೂ ಹೋಯಿತು. ನಾಲಿಗೆ ಮಾತ್ರ ಹೇಗೋ ಉಳಿಯಿತು. "ನಾಲಿಗಿ ಹೋಗಿ ಕೈ ಉಳೀಬೇಕಿತ್ತ ನೋಡು, ಎಲ್ಲಾರಿಗೂ ಚೊಲೋ ಇತ್ತು," ಎಂದು ಆಸ್ಪತ್ರೆಯ ಮಂಚದ ಮೇಲೆ ಅವಳೇ ಅಂದು ನರ್ಸುಗಳನ್ನು ನಗಿಸಿದ್ದಳು. ದಾಕ್ಷಾಯಣಿ ನಗಲಿಲ್ಲ. ಆ ಖಾನಾವಳಿಗೆ ಜನ ಬರುತ್ತಿದ್ದದ್ದು ಆ ಕೈಯ ರೊಟ್ಟಿಗೆ. ಕಾಗದದಷ್ಟು ತೆಳು, ಅಂಚು ಎಲ್ಲೂ ಸೀಳಿರುವುದಿಲ್ಲ, ಹಂಚಿಗೆ ಬಿದ್ದ ಕೂಡಲೇ ಉಬ್ಬುತ್ತದೆ. ಗಂಡ ತೀರಿಕೊಂಡ ಮೇಲೆ ಆ ರೊಟ್ಟಿಯ ಮೇಲೆಯೇ ನೀಲಗಂಗವ್ವ ಮಗನ ಮದುವೆ ಮಾಡಿದ್ದಳು, ಮಗಳನ್ನು ಓದಿಸಿದ್ದಳು. ಮಗಳು ಒಲೆಯ ಹತ್ತಿರ ಬಂದರೆ, "ನೀ ಓದ ಹೋಗ, ಇಲ್ಲೆ ನಾ ಅದೀನಿ," ಎಂದು ಅಟ್ಟುತ್ತಿದ್ದಳು. ಹಾಗಾಗಿ ದಾಕ್ಷಾಯಣಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ತಿನ್ನಲು ಮಾತ್ರ ಬರುತ್ತಿತ್ತು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಡಾಕ್ಟರ್ ನೇಮಿನಾಥ ಉಪಾಧ್ಯೆ ಎನ್ನುವವರು ಎಷ್ಟೋ ವರ್ಷಗಳಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಬೆಳೆದ ಮನುಷ್ಯನ ಮಿದುಳಿಗೆ ಮತ್ತೊಮ್ಮೆ ಎಳೆತನ ಕೊಡಲು ಬಂದರೆ? ಕೂಸಿನ ಮಿದುಳಿನ ಕೋಶಗಳು ಯಾರು ಕರೆದರೂ ಹೋಗುವಂಥವು, ಸಿಕ್ಕವರ ಕೈ ಹಿಡಿಯುವಂಥವು. ವಯಸ್ಸಾದಂತೆ ಅವುಗಳ ಸುತ್ತ ಸಣ್ಣದೊಂದು ಬಲೆ ಹೆಣೆದುಕೊಳ್ಳುತ್ತದೆ. ಕಲಿತದ್ದು ಚೆಲ್ಲಿಹೋಗದಂತೆ ಕಾಯುವುದು ಆ ಬಲೆ, ಹೊಸದನ್ನು ಒಳಗೆ ಬಿಡದೆ ತಡೆಯುವುದೂ ಅದೇ. ಉಪಾಧ್ಯೆಯವರು ಮಾಡಿದ ಮೆತ್ತನೆಯ ಟೋಪಿಯೊಳಗಿನ ಬಿಲ್ಲೆಗಳಿಂದ ಕಿವಿಗೆ ಕೇಳದ ಶಬ್ದದ ಅಲೆಗಳು ಹೊರಟು ಆ ಬಲೆಯನ್ನು ಸಡಿಲಿಸುತ್ತಿದ್ದವು. ಕಿವಿ ಮುಚ್ಚುವ, ಗದ್ದದ ಕೆಳಗೆ ಲಾಡಿ ಕಟ್ಟುವ ಆ ಟೋಪಿಗೆ ವಿದ್ಯಾರ್ಥಿಗಳು ಕುಲಾಯಿ ಎಂದು ಹೆಸರಿಟ್ಟಿದ್ದರು, ಕೂಸುಗಳಿಗೆ ತೊಡಿಸುವ ಟೋಪಿಯ ಹೆಸರೇ.

ಬಲೆ ಸಡಿಲಾದ ಮೇಲೆ ಮಿದುಳು ತಾನಾಗಿ ಮೊದಲಿನಿಂದ ಬೆಳೆಯಲು ತೊಡಗುತ್ತಿತ್ತು, ಅದೂ ಕ್ರಮ ತಪ್ಪದೆ. ಕತ್ತು ನಿಲ್ಲದೆ ಬೆನ್ನು ನಿಲ್ಲದು, ಬೆನ್ನು ನಿಲ್ಲದೆ ಕೈ ಬಾರದು. ಕೆಲವೇ ತಿಂಗಳಲ್ಲಿ ಬಲೆ ಮತ್ತೆ ಬಿಗಿಯುತ್ತಿತ್ತು. ಅಷ್ಟರೊಳಗೆ ಯಾವುದನ್ನು ಮಾಡಿ ರೂಢಿಯಾಯಿತೋ ಅದು ಸಾಯುವವರೆಗೆ ಉಳಿಯುತ್ತದೆ, ಬಿಟ್ಟದ್ದು ಬಿಟ್ಟಂತೆಯೇ. ಎರಡನೆಯ ಸಲ ಕುಲಾಯಿ ತೊಡಿಸಿದ ಇಲಿಗಳೆಲ್ಲ ಸೆಳೆತ ಬಂದು ಸತ್ತಿದ್ದವು. ಹಾಗಾಗಿ ಮನುಷ್ಯರಿಗೆ ಒಂದೇ ಸಲ. ನೀಲಗಂಗವ್ವನಿಗೆ ಆ ಒಂದು ಸಲ ತೊಡಿಸಿಯಾಗಿತ್ತು.

"ನಿಮ್ಮ ತಾಯಿಯವರಿಗೆ ಆ ಕೈಲೆ ಏನ್ ಮಾಡಬೇಕಂತ ಆಸೆ ಅದ?" ಎಂದು ಶುರುವಿನ ದಿನ ಉಪಾಧ್ಯೆ ಕೇಳಿದ್ದರು.

"ರೊಟ್ಟಿ ಬಡೀಬೇಕ್ರಿ ಸರ್. ಮತ್ತೇನ್ ಇರ್ತೈತ್ರಿ?"

"ಕೇಳೀರೇನು?"

"ನಮ್ಮವ್ವನ್ನ ನಾ ಕೇಳಬೇಕೇನ್ರಿ? ಹುಟ್ಟಿದಾಗಿಂದ ನೋಡಾಕತ್ತೀನಿ."

ಉಪಾಧ್ಯೆ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ರೋಗಿಯನ್ನು ಮೊದಲು ಕೇಳು, ಆಮೇಲೆ ಮುಟ್ಟು ಎಂದು ಅವಳಿಗೆ ಮೊದಲ ವರ್ಷವೇ ಕಲಿಸಿದ್ದರು. ಬೇರೆ ಯಾರದೋ ತಾಯಿಯಾಗಿದ್ದರೆ ಅವಳು ಖಂಡಿತ ಕೇಳುತ್ತಿದ್ದಳು.

ನೀಲಗಂಗವ್ವ ಕೂತಳು. ತೆವಳಿದಳು. ಅಂಬೆಗಾಲಿಟ್ಟು ಒಂದು ದಿನ ಹೊಸ್ತಿಲು ದಾಟಿ ಖಾನಾವಳಿಯೊಳಗೇ ಬಂದಳು. ಸುವರ್ಣಾ ಓಡಿಹೋಗಿ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಉಣ್ಣಲು ಬಂದವರಿಗೆಲ್ಲ ಪಾಯಸ ಬಡಿಸಿದಳು. ದಿನಾ ಬರುವ ಗಿರಾಕಿಗಳಿಗೆ ಇದೆಲ್ಲ ರೂಢಿಯಾಗಿಬಿಟ್ಟಿತ್ತು. "ಇವತ್ತ ಯಜಮಾನತಿ ಏನ್ ಕಲತ್ರಿ?" ಎಂದು ಕೇಳಿಕೊಂಡೇ ಕೈ ತೊಳೆಯಲು ಹೋಗುತ್ತಿದ್ದರು.

ಬುದ್ಧಿ ಅರವತ್ತರದ್ದೇ ಇತ್ತು. ಲೆಕ್ಕ, ನೆನಪು, ಓಣಿಯವರ ಸುದ್ದಿ, ಯಾವುದೂ ಹೋಗಿರಲಿಲ್ಲ. ಆದರೆ ಹಟ ಮಾತ್ರ ಎರಡು ವರ್ಷದ ಕೂಸಿನದು. ಹಸಿವಾದರೆ ತಡೆಯುತ್ತಿರಲಿಲ್ಲ, "ನನಗ ಮೊದಲ ಕೊಡ್ರಿ," ಎಂದು ನೆಲ ಬಡಿಯುತ್ತಿದ್ದಳು. ಬೇಡವಾದರೆ "ಒಲ್ಲೆ" ಎನ್ನುತ್ತಿದ್ದಳು. ಅವ್ವನ ಬಾಯಲ್ಲಿ ಒಲ್ಲೆ ಎನ್ನುವ ಮಾತನ್ನು ದಾಕ್ಷಾಯಣಿ ಅದುವರೆಗೆ ಕೇಳಿರಲೇ ಇಲ್ಲ. ಮೊದಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಯಾಕೆಂದರೆ ಅವ್ವ ಎಲ್ಲಕ್ಕಿಂತ ಹೆಚ್ಚು ಒಲ್ಲೆ ಎಂದದ್ದು ಹಿಟ್ಟಿಗೆ.

ಕೈಯ ಹಂತ ಬಂದಿತ್ತು. ದಿನ ಬೆಳಗಾದರೆ ದಾಕ್ಷಾಯಣಿ ಅವ್ವನ ಮುಂದೆ ಕಲ್ಲು ಇಟ್ಟು, ಬಿಸಿನೀರಿನಲ್ಲಿ ನಾದಿದ ಹಿಟ್ಟಿನ ಮುದ್ದೆ ಇಟ್ಟು, ಆ ಬಲಗೈಯನ್ನು ಹಿಡಿದು ಹಿಟ್ಟಿನ ಮೇಲೆ ಇಡುತ್ತಿದ್ದಳು. ಕೈ ಮುಷ್ಟಿ ಬಿಗಿಯುತ್ತಿತ್ತು.

"ಅವ್ವಾ, ಬೆರಳ ಬಿಚ್ಚ. ಅಂಗೈ ಹಾಸ. ನಿನಗ ಗೊತ್ತಿದ್ದದ್ದ ಐತಲ್ಲ!"

"ಒಲ್ಲೆ."

"ಹಂಗಂದ್ರ ಹೆಂಗವಾ? ಬಲಿ ಬಿಗದ ಮ್ಯಾಲೆ ಬಡ್ಕೊಂಡ್ರೂ ಬರಂಗಿಲ್ಲ. ಇವತ್ತ ಒಂದ ಸಲ ಮಾಡ, ನನ್ನ ಸಲುವಾಗಿ."

"ಒಲ್ಲೆ ಅಂದ್ನೆಲ್ಲಾ!" ನೀಲಗಂಗವ್ವ ಎಡಗೈಯಿಂದ ಮುದ್ದೆ ಎತ್ತಿ ಒಗೆದಳು. ಅದು ಹೋಗಿ ಗೋಡೆಗೆ ಅಂಟಿಕೊಂಡಿತು.

ಅವತ್ತು ದಾಕ್ಷಾಯಣಿ ಅಡುಗೆಮನೆಯ ಮೂಲೆಯಲ್ಲಿ ನಿಂತು ಅತ್ತಳು. ಅಳುತ್ತಲೇ ಗಡಿಯಾರ ನೋಡಿದಳು, ಅವ್ವನ ಊಟದ ಹೊತ್ತು. ಗಂಗಾಳದಲ್ಲಿ ಅನ್ನ ಸಾರು ಕಲಸಿ ತಂದು ತುತ್ತು ಮಾಡಿ ಬಾಯಿಗಿಟ್ಟಳು. ಬೆಳಗಿನ ನಾಷ್ಟಾ ಸುವರ್ಣಾ ತಿನ್ನಿಸುತ್ತಿದ್ದಳು, ಮಧ್ಯಾಹ್ನದ್ದು ದಾಕ್ಷಾಯಣಿ, ಸಂಜೆಯದು ಯಾರು ಖಾಲಿ ಇದ್ದರೆ ಅವರು. ಇಷ್ಟು ವರ್ಷ ಎಲ್ಲರಿಗೂ ಬಡಿಸಿದ ಜೀವ, ನಾವು ನಾಲ್ಕು ತುತ್ತು ತಿನ್ನಿಸಿದರೆ ಏನು ಸವೆಯುತ್ತೇವೆ ಎನ್ನುವುದು ಸುವರ್ಣಾಳ ಮಾತು. ಅದು ನಿಜವಾದ ಪ್ರೀತಿಯೇ. ಹಾಗೆ ತಿನ್ನಿಸುವುದರಲ್ಲಿ ತಪ್ಪಿದೆ ಎಂದು ದಾಕ್ಷಾಯಣಿಗೆ, ಪಾಠ ಓದಿದವಳಿಗೆ, ಒಮ್ಮೆಯೂ ಹೊಳೆಯಲಿಲ್ಲ.

ಪ್ರಯೋಗಶಾಲೆಯಲ್ಲಿ ಉಪಾಧ್ಯೆ ಪರದೆಯನ್ನು ಅವಳ ಕಡೆ ತಿರುಗಿಸಿದರು. ನೀಲಗಂಗವ್ವನ ಮಿದುಳಿನ ಚಿತ್ರದಲ್ಲಿ ಹಿಂದಿನ ತಿಂಗಳು ಹಸಿರಾಗಿದ್ದ ಜಾಗದ ಅಂಚುಗಳು ಬೂದುಬಣ್ಣಕ್ಕೆ ತಿರುಗಿದ್ದವು.

"ಬಲೆ ಬಿಗೀಲಿಕ್ಕೆ ಶುರು ಆಗೇದ," ಎಂದರು.

ದಾಕ್ಷಾಯಣಿ ಪರದೆಯ ಕಡೆ ಬಗ್ಗಿದಳು. "ಕೈ ಇನ್ನಾ ಮುಷ್ಟಿನ ಐತ್ರಿ ಸರ್. ಇನ್ನ ಎಷ್ಟ ಟೈಮ್ ಐತ್ರಿ?"

"ಯಂತ್ರಕ್ಕಿಂತ ಮೊದಲ ನಿಮಗ ಮನಿಯೊಳಗ ತಿಳೀತದ. ಮನುಷ್ಯಾಗ ಎಲ್ಲಾಕಿಂತ ಹಳೇ ರೂಢಿ ಯಾವದದ, ಅದು ಮೊದಲ ತಿರುಗಿ ಬರ್ತದ. ಹಿಂದ ಒಬ್ಬ ರಿಟೈರ್ಡ್ ಕಂಡಕ್ಟರ್ ಇದ್ರು. ಅವರು ಹೆಂಡ್ತಿ ಮಕ್ಕಳಿಗೆ 'ಮುಂದ ನಡೀರಿ, ಮುಂದ ನಡೀರಿ' ಅನ್ಲಿಕ್ಕೆ ಶುರು ಮಾಡಿದ ವಾರದಾಗ ಬಲೆ ಪೂರಾ ಬಿಗೀತು."

ಅವ್ವನ ಹಳೆಯ ರೂಢಿ ಯಾವುದು ಎಂದು ದಾಕ್ಷಾಯಣಿ ಯೋಚಿಸಬೇಕಾಗಿಯೇ ಇರಲಿಲ್ಲ. ಎಲ್ಲಾರೂ ಉಂಡ್ರೇನ? ಊಟದ ಹೊತ್ತಿಗೆ, ಮದುವೆಮನೆಯಲ್ಲಿ, ಸತ್ತಮನೆಯಲ್ಲಿ, ಕೊನೆಗೆ ಲಕ್ವಾ ಹೊಡೆದು ಆಂಬುಲೆನ್ಸಿನಲ್ಲಿ ಮಲಗಿದ್ದಾಗಲೂ ಅವ್ವ ಕೇಳಿದ್ದು ಅದನ್ನೇ. ಎಲ್ಲರೂ ಉಂಡ ಮೇಲೆ ಒಲೆಯ ಪಕ್ಕದಲ್ಲಿ ನಿಂತೇ ಒಂದು ಆರಿದ ರೊಟ್ಟಿ ತಿಂದು ನೀರು ಕುಡಿಯುತ್ತಿದ್ದಳು. ಕುಲಾಯಿ ತೊಟ್ಟಂದಿನಿಂದ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ.

ಉಪಾಧ್ಯೆಯವರ ಬೆನ್ನ ಹಿಂದಿನ ಗೋಡೆಯ ಮೇಲೆ ದೊಡ್ಡದೊಂದು ಚಿತ್ರಪಟ ತೂಗುತ್ತಿತ್ತು. ಒಂದು ತುದಿಗೆ ಬಸಿರಿನೊಳಗಿನ ಕೂಸು, ಇನ್ನೊಂದು ತುದಿಗೆ ಕೋಲು ಹಿಡಿದ ಮುದುಕ. ನಡುವೆ ಸಾಲಾಗಿ ಹಂತಗಳು, ಪ್ರತಿ ಹಂತದ ಕೆಳಗೆ ಆ ವಯಸ್ಸಿನ ಕೆಲಸ. ಹುಡುಗರಿಗೆ ಆಟ ಎಂದು ಬರೆದಿತ್ತು, ನಡುವಯಸ್ಸಿನವರಿಗೆ ದುಡಿಮೆ, ಮುದುಕರಿಗೆ ವಿಶ್ರಾಂತಿ. ಒಂಬತ್ತರ ವಯಸ್ಸಿಗೆ ಹಂಚಿನ ಮುಂದೆ ಕೂತ ಅವ್ವ ಇದರಲ್ಲಿ ಎಲ್ಲಿ ಕೂರುತ್ತಾಳೆ ಎಂದು ದಾಕ್ಷಾಯಣಿಗೆ ಆ ಹೊತ್ತಿಗೆ ಒಂದು ವಿಚಾರ ಬಂತು. ಬಂದದ್ದು ಅಷ್ಟೇ ಬೇಗ ಹೋಯಿತು. ಅವಳ ತಲೆಯ ತುಂಬ ಹಿಟ್ಟಿನ ಮುದ್ದೆಯೇ ಇತ್ತು.

"ದಿನಾ ಎರಡ ಸಲ ರೊಟ್ಟಿಗೆ ಕೂಡಸ್ತೀನ್ರಿ. ಬೇಕಾದ್ರ ಮೂರ ಸಲ."

"ದಾಕ್ಷಾಯಣಿ," ಎಂದರು ಉಪಾಧ್ಯೆ, "ಕೈ ಅವರದು, ಅವಸರ ನಿಮ್ಮದು. ಬೆಳ್ಯಾವರು ಅವರು."

ಗುರುಗಳು ಬೈದರೆಂದೇ ಅವಳಿಗೆ ಅನಿಸಿತು. ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದಳು.

ಬಸ್ಸಿಳಿದು ಬರುವಾಗ ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ. ನೀಲಗಂಗವ್ವ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಈಗ ಅವಳು ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು, ಒಳಗೆ ಒಬ್ಬಳೇ ಕೂರಲು ಒಲ್ಲೆ ಎನ್ನುತ್ತಿದ್ದಳು. ಅವಳ ಎದುರಿಗೆ ಕೂತ ಬ್ಯಾಂಕಿನ ಗುಮಾಸ್ತರೊಬ್ಬರು ತಾಟು ಬಂದ ಕೂಡಲೇ ಫೋನು ಬಂತೆಂದು ಹೊರಗೆ ಹೋದರು. ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ರೊಟ್ಟಿಯಿಂದ ಹಬೆ ಏಳುತ್ತಿತ್ತು.

ದಾಕ್ಷಾಯಣಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ತಲೆ ಎತ್ತಿದಳು. ಅವ್ವ ಗುಮಾಸ್ತರ ತಾಟನ್ನು ತನ್ನ ಕಡೆ ಎಳೆದುಕೊಂಡಿದ್ದಳು. ಸೀರೆಗೆಲ್ಲ ಎಣ್ಣೆಗಾಯಿ. ಸುತ್ತ ಕೂತವರು ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದರು, ಒಬ್ಬ ಕಿಸಕ್ಕನೆ ನಕ್ಕ. ದಾಕ್ಷಾಯಣಿಗೆ ನಾಚಿಕೆಯಿಂದ ಮೈಯೆಲ್ಲ ಬೆಂಕಿಯಾಯಿತು. ಊರಿಗೆ ಉಣ್ಣಿಸಿದ ಹೆಂಗಸು ಮಂದಿಯ ತಾಟಿಗೆ ಕೈ ಹಾಕುವುದೇ? ಎರಡೇ ಹೆಜ್ಜೆಗೆ ಹಾರಿಬಂದು ತಾಟು ಕಸಿದುಕೊಂಡಳು.

"ಏನ್ ಮಾಡಾಕತ್ತಿ ಅವ್ವಾ? ಗಿರಾಕಿ ತಾಟದು! ನಾ ತಿನ್ನಸ್ತೀನಿ ಅಂದ್ರ ತಡ್ಯಾಕ ಬರಂಗಿಲ್ಲೇನ ನಿನಗ?"

ಕಸಿದುಕೊಂಡ ಮೇಲೆ ಅವಳಿಗೆ ಕಾಣಿಸಿತು. ತಾಟು ಎಳೆದದ್ದು ಎಡಗೈಯಾದರೂ, ತಾಟಿನ ಮೇಲಿದ್ದದ್ದು ಬಲಗೈ. ಹೆಬ್ಬೆರಳು ಒಂದು ಕಡೆ, ಎರಡು ಬೆರಳು ಇನ್ನೊಂದು ಕಡೆ, ನಡುವೆ ಹರಿದ ರೊಟ್ಟಿಯ ಚೂರು. ಕೂಸು ಒಂದು ವರ್ಷದ ಹೊತ್ತಿಗೆ ಕಲಿಯುವ ಚಿಮಟಿಗೆಯ ಹಿಡಿತ, ತಿಂಗಳುಗಟ್ಟಲೆ ಅವಳು ಹಿಟ್ಟಿನ ಮುದ್ದೆಯಲ್ಲಿ ಹುಡುಕಿದರೂ ಸಿಗದೇ ಇದ್ದದ್ದು. ಅವಳು ನೋಡುತ್ತಿರುವಾಗಲೇ ಆ ಬೆರಳುಗಳು ಮಡಚಿಕೊಂಡು ಮತ್ತೆ ಮುಷ್ಟಿಯಾದವು. ರೊಟ್ಟಿಯ ಚೂರು ನೆಲಕ್ಕೆ ಬಿತ್ತು.

"ಅಯ್ಯೋ ಅವ್ವಾ, ತಗೋ, ತಗೋ, ತಿನ್ನ!" ದಾಕ್ಷಾಯಣಿ ತಾಟನ್ನು ತಿರುಗಿ ಮುಂದಿಟ್ಟಳು.

ನೀಲಗಂಗವ್ವ ತಾಟು ನೋಡಲಿಲ್ಲ. ಸೆರಗಿನಿಂದ ಎಣ್ಣೆಗಾಯಿ ಒರೆಸಿಕೊಂಡಳು. ಫೋನು ಮುಗಿಸಿ ಒಳಗೆ ಬಂದ ಗುಮಾಸ್ತರ ಕಡೆ ತಲೆ ತಗ್ಗಿಸಿ, "ತಪ್ಪ ಆತ್ರಿ ಯಪ್ಪಾ. ಬ್ಯಾರೆ ತಾಟ ಹಚ್ಚಿ ಕೊಡ್ತಾರ, ನೀವ್ ಕುಂದರ್ರಿ," ಎಂದಳು. ಆಮೇಲೆ ಖಾನಾವಳಿಯನ್ನೆಲ್ಲ ಒಂದು ಸುತ್ತು ಕಣ್ಣಾಡಿಸಿ ಮಗಳನ್ನು ಕೇಳಿದಳು.

"ಎಲ್ಲಾರೂ ಉಂಡ್ರೇನವಾ? ನಂದ ಕಡೀಕ ಇರ್ಲಿ."

ದಾಕ್ಷಾಯಣಿಗೆ ಆ ಮಾತಿನ ಗುರುತು ಸಿಕ್ಕಿತು. ಬಲೆ ತಾನಾಗಿ ಬಿಗಿದಿರಲಿಲ್ಲ. ತಾಟು ಕಸಿದು, ನಾಚಿಸಿ, ಅವ್ವನನ್ನು ಆ ಹಳೆಯ ಜಾಗಕ್ಕೆ ದೂಡಿದ್ದು ತಾನೇ. ಅವತ್ತು ಸಂಜೆ ಸುವರ್ಣಾ ತುತ್ತು ಮಾಡಿ ತಿನ್ನಿಸಲು ಹೋದಾಗ ಅವ್ವ ಹಟ ಮಾಡಲಿಲ್ಲ, ನೆಲ ಬಡಿಯಲಿಲ್ಲ. "ನಿಮ್ದೆಲ್ಲಾ ಆಗ್ಲಿ," ಎಂದು ಗೋಡೆಯ ಕಡೆ ತಿರುಗಿ ಕೂತಳು.

"ನೋಡ, ಎಷ್ಟ ಶಾಣ್ಯಾ ಆಗ್ಯಾರ ಅತ್ತಿ," ಎಂದು ಸುವರ್ಣಾ ಸಂತೋಷಪಟ್ಟಳು.

"ಶಾಣ್ಯಾ ಆಗಬಾರ್ದ ವೈನಿ, ಆಗಬಾರ್ದ!" ದಾಕ್ಷಾಯಣಿ ಕೂಗಿದಳು. ಸುವರ್ಣಾ ಬೆಚ್ಚಿಬಿದ್ದು ಗಂಗಾಳ ಕೆಳಗಿಟ್ಟಳು. ದಾಕ್ಷಾಯಣಿ ಅಳುತ್ತ, ಮೂಗು ಒರೆಸಿಕೊಳ್ಳುತ್ತ, ಅಂಗಳಕ್ಕೆ ಹೋಗಿ ಬಂದು, ಮತ್ತೆ ಹೋಗಿ ಬಂದು, ಕಡೆಗೆ ನಿಂತು ಎಲ್ಲವನ್ನೂ ವೈನಿಗೆ ಬಿಡಿಸಿ ಹೇಳಿದಳು. ನಾವು ತಿನ್ನಿಸಿದಷ್ಟು ದಿನವೂ ಅವ್ವನ ಮಿದುಳು ಕಲಿತದ್ದು ತಿನ್ನಿಸಿಕೊಳ್ಳುವುದನ್ನು. ಅವಳ ಕೈ ಕೇಳಿದ್ದು ತುತ್ತನ್ನು, ನಾನು ಕೊಟ್ಟದ್ದು ಹಿಟ್ಟನ್ನು.

ಸುವರ್ಣಾ ಗಂಗಾಳವನ್ನು ಬದಿಗೆ ಸರಿಸಿದಳು. "ಹಂಗಾರ ಅತ್ತೀನ್ನ ಕೇಳೀಯೇನ ನೀ, ಏನ್ ಬೇಕಂತ?"

ಉಪಾಧ್ಯೆ ಕೇಳಿದ್ದ ಪ್ರಶ್ನೆಯೇ ಇದು. ದಾಕ್ಷಾಯಣಿ ಆಗ ನಾಲಿಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡಿದ್ದಳು. ಈಗ ಇಲ್ಲ ಎಂದು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಅವಳು ಕಲ್ಲು ತರಲಿಲ್ಲ, ಹಿಟ್ಟೂ ತರಲಿಲ್ಲ. ಬರಿಗೈಯಲ್ಲಿ ಬಂದು ಅವ್ವನ ಎದುರಿಗೆ ನೆಲದ ಮೇಲೆ ಕೂತಳು.

"ಅವ್ವಾ, ನಿನಗ ಏನ್ ಬೇಕ?"

"ನನಗೇನ ಬೇಕವಾ? ನೀವೆಲ್ಲಾ ಆರಾಮ ಇದ್ರ ಸಾಕ."

ಹಳೆಯ ಅವ್ವನ ಉತ್ತರ. ಆದರೂ ದಾಕ್ಷಾಯಣಿ ಏಳಲಿಲ್ಲ. "ಅದಲ್ಲ. ನಿನಗ ಅಂದ್ರ ನಿನಗ. ಕೈ ಬಂದ್ರ ಏನ್ ಮಾಡ್ತಿ?"

"ರೊಟ್ಟಿ ಬಡೀ ಅಂತಿ ನೀ."

"ನಾ ಅನ್ನೂದ ಬಿಡ. ನಿನ್ನ ಮಾತ ಹೇಳ."

ನೀಲಗಂಗವ್ವ ಮಗಳ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ದಾಕ್ಷಾಯಣಿಗೆ ಎದ್ದು ಓಡಾಡಬೇಕೆನಿಸಿತು, ಗಡಿಯಾರ ನೋಡಬೇಕೆನಿಸಿತು, ಉತ್ತರ ತಾನೇ ಹೇಳಿಬಿಡಬೇಕೆನಿಸಿತು. ಸೀರೆಯ ಚುಂಗು ಹಿಡಿದುಕೊಂಡು ಕೂತೇ ಇದ್ದಳು. ಕಡೆಗೆ ಅವ್ವನ ಕೆಳತುಟಿ, ಹಟ ಮಾಡುವ ಕೂಸಿನದರಂತೆ, ಮುಂದೆ ಬಂತು.

"ಬಿಸಿ ರೊಟ್ಟಿ ಬೇಕ," ಎಂದಳು. "ಹಂಚಿಂದ ಸೀದಾ ತಾಟಿಗೆ ಬೀಳಬೇಕ. ನಾ ಬಡದದ್ದ ಅಲ್ಲ. ನನ್ನ ಸಲುವಾಗಿ ಮಂದಿ ಬಡದದ್ದ. ಬೆಂಚಿನ ಮ್ಯಾಲೆ ಕುಂತ ನನ್ನ ಕೈಲೆ ಉಣಬೇಕ. ಹುಟ್ಟಿದಾಗಿಂದ ಒಂದ ಬಿಸಿ ರೊಟ್ಟಿ ತಿಂದಿಲ್ಲ ನಾ. ಬಡಿಯಾಕಿಗೆ ಬಿಸೀದ ಎಲ್ಲೆ ಸಿಗ್ತೈತಿ? ಎಲ್ಲಾರದೂ ಆಗೂದ್ರಾಗ ಆರಿ ಕಟಕ್ ಆಗಿರ್ತೈತಿ."

ದಾಕ್ಷಾಯಣಿಗೆ ಅಷ್ಟು ವರ್ಷ ಹಂಚಿನಿಂದ ಸೀದಾ ತನ್ನ ತಾಟಿಗೆ ಬಿದ್ದ ರೊಟ್ಟಿಗಳೆಲ್ಲ ನೆನಪಾದವು. "ವೈನೀ, ಹಂಚ ಇಡ್ರಿ!" ಎಂದು ಎದ್ದಳು.

"ಸುವರ್ಣಾ ಅಲ್ಲ," ಎಂದಳು ನೀಲಗಂಗವ್ವ. "ನೀ ಬಡಿ."

"ನನಗ ಬರಂಗಿಲ್ಲಲ್ಲ ಅವ್ವಾ!"

"ನನಗ ಬ್ವಾರಲ ಬೀಳಾಕ, ಕುಂದರಾಕ, ನಿಲ್ಲಾಕ ಬರ್ತಿತ್ತೇನ? ಕಲತ್ನಿಲ್ಲ?"

ಖಾನಾವಳಿ ಇನ್ನೂ ತೆರೆದಿರಲಿಲ್ಲ. ಒಲೆಗೆ ಎದುರಾಗಿ ಇರುವ ಬೆಂಚಿನ ಮೇಲೆ ನೀಲಗಂಗವ್ವ ಕೂತಳು. ಸುವರ್ಣಾ ತಾಟು ಹಚ್ಚಿದಳು, ಎಣ್ಣೆಗಾಯಿ, ಚಟ್ನಿ, ಮೊಸರು. ದಾಕ್ಷಾಯಣಿ ಕುದಿಯುವ ನೀರು ಸುರಿದು ಹಿಟ್ಟು ನಾದಿದಳು, ಬೆರಳು ಸುಟ್ಟುಕೊಂಡಳು.

"ಬಿಸಿ ಇದ್ದಾಗ ಬಡಿಯವಾ, ಆರಿದ್ರ ಅಂಚ ಸೀಳ್ತೈತಿ. ಬೆರಳ ಬಿಚ್ಚ. ಅಂಗೈ ಹಾಸ," ಎಂದಳು ಬೆಂಚಿನ ಮೇಲಿನ ಹೆಂಗಸು. ದಾಕ್ಷಾಯಣಿ ತಾನು ದಿನಾ ಆಡುತ್ತಿದ್ದ ಮಾತನ್ನೇ ಕೇಳಿಸಿಕೊಂಡು ತುಟಿ ಕಚ್ಚಿಕೊಂಡಳು.

ಮೊದಲನೆಯದು ಎತ್ತುವಾಗಲೇ ಎರಡಾಯಿತು. ಎರಡನೆಯದು ಹಂಚಿನವರೆಗೆ ಹೋಗಿ ಮಡಚಿ ಬಿತ್ತು. ಮೂರನೆಯದು ಒಂದು ಕಡೆ ದಪ್ಪ, ಒಂದು ಕಡೆ ತೂತು, ಆದರೂ ಒಂದು ಮೂಲೆ ಉಬ್ಬಿತು. ಸುವರ್ಣಾ ಅದನ್ನು ಹಂಚಿನಿಂದ ಎತ್ತಿ ಹಬೆಯಾಡುತ್ತಿದ್ದ ಹಾಗೆಯೇ ತಾಟಿಗೆ ಹಾಕಿದಳು.

ಬಲಗೈ ಮುಷ್ಟಿಯಾಗಿಯೇ ಮಡಿಲಲ್ಲಿತ್ತು. ನೀಲಗಂಗವ್ವ ರೊಟ್ಟಿಯ ಕಡೆ ನೋಡಿದಳು. ಕೈ ಅರ್ಧ ಎದ್ದು ತಾಟಿನ ಅಂಚಿಗೆ ತಾಗಿ ಕೆಳಗೆ ಬಿತ್ತು. ಮತ್ತೆ ಎದ್ದಿತು. ಮೊಸರು ಚೆಲ್ಲಿತು. ಸುವರ್ಣಾ ತಡೆಯಲಾರದೆ, "ಅತ್ತೀ, ನಾ ಮುರದ ಕೊಡ್ತೀನಿ," ಎಂದು ಬಗ್ಗಿದಳು.

"ಬ್ಯಾಡ್ರಿ ವೈನಿ! ಕೈ ಹಚ್ಚಬ್ಯಾಡ್ರಿ!"

ಹೇಳಿದ್ದು ವೈನಿಗಾದರೂ ಓಡಿಹೋಗಬೇಕೆಂದು ಚಡಪಡಿಸುತ್ತಿದ್ದದ್ದು ದಾಕ್ಷಾಯಣಿಯ ಕಾಲುಗಳೇ. ಆದರೆ ಅವಳ ಎರಡೂ ಕೈ ಮೊಣಕೈವರೆಗೆ ಹಿಟ್ಟಾಗಿದ್ದವು, ಮುಂದಿನ ರೊಟ್ಟಿ ಅರ್ಧ ಬಡಿದಾಗಿತ್ತು, ಬಿಟ್ಟರೆ ಆರುತ್ತದೆ. ಅವ್ವ ತನಗೆ ಹಿಟ್ಟು ಹಚ್ಚಿ ಕೂರಿಸಿದ್ದು ಏಕೆಂದು ಅವಳಿಗೆ ಆಗ ತಿಳಿಯಿತು. ಕಣ್ಣು ಅವ್ವನ ಕೈಯ ಮೇಲೆ ಇಟ್ಟು ಬಡಿಯುತ್ತಲೇ ಇದ್ದಳು.

ಮೂರನೆಯ ಸಲ ಕೈ ರೊಟ್ಟಿಯ ಮೇಲೆ ನಿಂತಿತು. ಹೆಬ್ಬೆರಳು ಸರಿಯಿತು. ಎರಡು ಬೆರಳು, ಒಂದರ ಹಿಂದೆ ಒಂದು, ಬಿಚ್ಚಿಕೊಂಡವು. ಬಿಸಿ ತಾಗಿ ಹಿಂದೆ ಸರಿದವು, ಮತ್ತೆ ಮುಂದೆ ಬಂದವು. ಚೂರು ಮುರಿಯಿತು. ಎಣ್ಣೆಗಾಯಿಯಲ್ಲಿ ಅದ್ದಿತು. ಗದ್ದಕ್ಕೆ, ಮೂಗಿಗೆ, ಆಮೇಲೆ ಬಾಯಿಗೆ ಹೋಯಿತು. ನೀಲಗಂಗವ್ವ ಕಣ್ಣು ಮುಚ್ಚಿ ಅಗಿದಳು. ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತ ತಿರುಗಿದಳು. ಅವ್ವ ಇನ್ನೊಂದು ಚೂರು ಮುರಿದಳು, ಮತ್ತೊಂದು ಮುರಿದಳು. ಪ್ರತಿ ತುತ್ತಿಗೂ ಚೆಲ್ಲುವುದು ಸ್ವಲ್ಪ ಕಡಿಮೆಯಾಗುತ್ತಿತ್ತು.

ದಾಕ್ಷಾಯಣಿ ವಿದ್ಯಾರ್ಥಿನಿಯ ಕಣ್ಣಿಂದಲೂ ನೋಡುತ್ತಿದ್ದಳು, ಅದನ್ನು ಬಿಡಲು ಅವಳಿಂದ ಆಗುತ್ತಿರಲಿಲ್ಲ. ಹೆಬ್ಬೆರಳಿಗೆ ಎರಡು ಬೆರಳು ಸೇರಿದ್ದವು. ಉಳಿದೆರಡು ಮಡಚಿಕೊಂಡೇ ಇದ್ದವು. ಅಂಗೈ ಹಾಸುವಷ್ಟು ಸಮಯ ಇನ್ನು ಉಳಿದಿಲ್ಲ. ಈ ವಾರವೋ ಬರುವ ವಾರವೋ ಬಲೆ ಬಿಗಿಯುತ್ತದೆ, ಆ ರೊಟ್ಟಿ ಬಡಿಯುವ ಕೈ ಇನ್ನು ಈ ಲೋಕದಲ್ಲಿ ಇಲ್ಲ. ಅದಕ್ಕೆ ಅವಳಿಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ. ಅಳುತ್ತಲೇ ಹಿಟ್ಟಿನ ಕೈಯಿಂದ ಒರೆಸಿಕೊಂಡದ್ದಕ್ಕೆ ಮುಖವೆಲ್ಲ ಬಿಳಿಯಾಯಿತು.

ತಾಟು ಖಾಲಿಯಾಯಿತು. ನೀಲಗಂಗವ್ವ ಬೆರಳು ನೆಕ್ಕಿ ತಲೆ ಎತ್ತಿದಳು. ಹೊರಗೆ ಮೊದಲ ಗಿರಾಕಿಗಳು ಬಂದು ಬಾಗಿಲ ಹತ್ತಿರ ನಿಂತಿದ್ದರು. ಅವಳ ಕಣ್ಣು ಅವರ ಕಡೆ ಹೋಯಿತು, ಸುವರ್ಣಾಳ ಕಡೆ ಹೋಯಿತು, ಮಗಳ ಕಡೆ ಬಂತು. ಏನೋ ಹೇಳಲು ಬಾಯಿ ತೆರೆದಳು. ದಾಕ್ಷಾಯಣಿಯ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಎಲ್ಲಾರೂ ಉಂಡ್ರೇನ ಎನ್ನುವ ಆ ಹಾಳು ಮಾತಿಗೆ ಕಾದಳು.

"ಇನ್ನೊಂದ ಹಾಕ," ಎಂದಳು ನೀಲಗಂಗವ್ವ. "ಅವರ ನಿಲ್ಲಲಿ."